ಒಣಮಣ್ಣು

“ಸರ್, ಇದು ನಮ್ಮಜ್ಜಿ ಗಡಿಗೆ. ಅಜ್ಜಿ ಹೆಸರು ಎಲ್ಲಿ?”

ಎಮ್ನಾ ಪೋಸ್ಟರಿನ ಮುಂದಿನಿಂದ ಕದಲಲಿಲ್ಲ. ಟುನೀಸಿಯಾದ ಆ ಬೆಟ್ಟದೂರಿನ ಶಾಲೆಯಲ್ಲಿ ಅಂದು ವಿಜ್ಞಾನ ಮೇಳ. ಪೋಸ್ಟರಿನಲ್ಲಿ ಗಡಿಗೆಯ ದೊಡ್ಡ ಫೋಟೋ ಇತ್ತು. ಗಡಿಗೆಯ ಬಾಯಿಗೆ ಮೆತ್ತಿದ ಮಣ್ಣಿನ ಮೇಲೆ ಅಜ್ಜಿಯ ಹೆಬ್ಬೆರಳಿನ ಗುರುತೂ ಇತ್ತು. ಮೇಲೆ ಮಾತ್ರ ‘ನಮ್ಮ ಹೊಸ ಶೋಧ: ಆಲಿವ್ ಬೀಜದಿಂದ ಉರುವಲು ಎಣ್ಣೆ’ ಎಂದು ಬರೆದಿತ್ತು.

ನಗರದ ಕಾಲೇಜಿನ ಅನೀಸ್ ಸರ್ ನಕ್ಕರು. ಅವರ ಎಡಗೈಗೆ ಬ್ಯಾಂಡೇಜ್ ಇತ್ತು.

“ಇದು ಸೈನ್ಸ್, ಪುಟ್ಟಿ. ಗಾಳಿ ಸೇರದ ಹಾಗೆ ಬೀಜ ಕಾಯಿಸೋದು, ಜೇಡಿಮಣ್ಣನ್ನ ಕ್ಯಾಟಲಿಸ್ಟ್ ಆಗಿ ಬಳಸೋದು. ನಿಮ್ಮಜ್ಜಿಗೆ ಆ ಪದ ಗೊತ್ತಾ?”

“ಪದ ಗೊತ್ತಿಲ್ಲ. ಮಣ್ಣು ಬೆರೆಸಿದ್ರೆ ಎಣ್ಣೆ ತೆಳ್ಳಗೆ ಇಳಿಯುತ್ತೆ ಅಂತ ಗೊತ್ತು. ಮೂರು ದಿನ ನಮ್ಮನೇಲಿ ಕುಸ್ಕುಸ್ ತಿಂದು, ಅದನ್ನೇ ಅಲ್ವಾ ನೀವು ಬರ್ಕೊಂಡಿದ್ದು?”

ಮಕ್ಕಳು ಕಿಸಕ್ಕನೆ ನಕ್ಕರು. ಹೆಡ್‌ಮಾಸ್ಟರು ಎಮ್ನಾಳನ್ನು ಮನೆಗೆ ಅಟ್ಟಿದರು.

ಮನೆಯಲ್ಲಿ ಅಜ್ಜಿ ಮಬ್ರೂಕಾ ಗಡಿಗೆಗೆ ಬೀಜ ತುಂಬಿ, ಬಾಯಿಗೆ ಮಣ್ಣು ಮೆತ್ತುತ್ತಿದ್ದಳು. “ಬಿಸ್ಮಿಲ್ಲಾ” ಎಂದು ಅದರ ಮೇಲೆ ಹೆಬ್ಬೆರಳು ಒತ್ತಿದಳು. ಎಮ್ನಾ ಬಿಕ್ಕುತ್ತಲೇ ನಡೆದದ್ದನ್ನೆಲ್ಲ, ಸರ್ ಕೈಯ ಬ್ಯಾಂಡೇಜನ್ನೂ ಬಿಡದೆ ಹೇಳಿದಳು.

“ಅವನು ಕಳ್ಳ, ಅಜ್ಜಿ. ನಿನಗೆ ಸಿಟ್ಟೇ ಬರಲ್ವಾ?”

“ಕೈ ಸುಟ್ಕೊಂಡಿದ್ದಾನಾ?” ಅಜ್ಜಿ ತಲೆ ಎತ್ತಿದಳು. “ಒಳಗೆ ಬೆರೆಸೋ ಮಣ್ಣನ್ನ ಏಳು ದಿನ ಬಿಸಿಲಲ್ಲಿ ಒಣಗಿಸಬೇಕು ಅಂತ ಬರೆದಿದ್ದಾನೇನು?”

“ಇಲ್ಲ.”

ಅಜ್ಜಿಯ ಮುಖ ಕೆಂಪಾಯಿತು. ಅವಳ ಅಂಥ ಸಿಟ್ಟನ್ನು ಎಮ್ನಾ ಎಂದೂ ಕಂಡಿರಲಿಲ್ಲ.

“ನನ್ನ ಹೆಸರು ದೇವರಿಗೆ ಗೊತ್ತು, ಬಿಡು. ಇದನ್ನ ಹೇಗೆ ಬಿಟ್ಟ ಅವನು? ಹಸಿಮಣ್ಣು ಹಾಕಿದ್ರೆ ಗಡಿಗೆ ಸಿಡಿಯುತ್ತೆ. ನನ್ನ ತಂಗಿ ಕಣ್ಣು ಹೋಗಿದ್ದು ಹಾಗೇ. ಆ ಹಾಳೆ ನೋಡಿ ನಾಳೆ ಯಾರ ಮನೆ ಮಗು ಒಲೆ ಹಚ್ಚುತ್ತೋ.”

ಎಮ್ನಾ ಮಾರ್ಕರ್ ಹಿಡಿದು ಶಾಲೆಗೆ ಓಡಿದಳು. ದಾರಿಯುದ್ದಕ್ಕೂ, ಅಜ್ಜಿಯ ಹೆಸರನ್ನು ಪೋಸ್ಟರಿನ ಅಡ್ಡಕ್ಕೂ ದಪ್ಪಗೆ ಬರೆಯುತ್ತೇನೆ ಎಂದುಕೊಂಡಳು.

ಪೋಸ್ಟರಿನ ಎದುರು ಇಬ್ಬರು ಚಿಕ್ಕ ಹುಡುಗಿಯರು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ನಕಲು ಮಾಡಿಕೊಳ್ಳುತ್ತಿದ್ದರು. ಎಮ್ನಾ ಅವರನ್ನು ನೋಡಿದಳು. ಖಾಲಿ ಇದ್ದ ಕೆಳಗಿನ ಜಾಗದಲ್ಲಿ ದೊಡ್ಡದಾಗಿ ಬರೆದಳು: ‘ಒಳಗೆ ಬೆರೆಸುವ ಮಣ್ಣನ್ನು ಏಳು ದಿನ ಒಣಗಿಸಿ. ಹಸಿ ಇದ್ದರೆ ಗಡಿಗೆ ಸಿಡಿಯುತ್ತದೆ.’

ಅನೀಸ್ ಸರ್ ಅದನ್ನು ಎರಡು ಸಲ ಓದಿದರು. ಬ್ಯಾಂಡೇಜಿನ ಕೈಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು.

ಹೆಸರಿಗೆ ಹೆಚ್ಚು ಜಾಗ ಉಳಿದಿರಲಿಲ್ಲ. ಫೋಟೋದ ಹೆಬ್ಬೆರಳ ಗುರುತಿನ ಪಕ್ಕದಲ್ಲಿ ಎಮ್ನಾ ಸಣ್ಣದಾಗಿ ಬರೆದಳು: ‘ಮಬ್ರೂಕಾ.’