ತೂಕ ಹೊಂದಲಿಲ್ಲ ಅಂತ ಬರೀಲಾ?

"ಎಂಬತ್ತೊಂದು ಕಿಲೋ, ಆರುನೂರು ಗ್ರಾಂ!"

ಅವನು ಓದಿದ್ದು ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ನರ್ಸಿಗಾಗಿ. ಆದರೆ ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದ ಅಷ್ಟೂ ಮಂದಿಗೆ ಕೇಳಿಸಿತು.

ತೂಕದ ಯಂತ್ರದ ಮೇಲೆ ನಿಂತಿದ್ದವಳ ಮುಖ ಕೆಂಪಾಯಿತು.

"ಇನ್ನೂ ಸ್ವಲ್ಪ ಜೋರಾಗಿ ಹೇಳಿ ಸಾರ್. ಮೇಲಿನ ಮಹಡಿಯವರಿಗೆ ಕೇಳಿಸಿಲ್ಲ!"

ಆಸ್ಪತ್ರೆಯ ಡಯಟಿಷಿಯನ್ ತಲೆ ಎತ್ತಿದ. ದಪ್ಪ ಕನ್ನಡಕ, ಎರಡು ದಿನದ ಗಡ್ಡ, ನಿದ್ದೆಗೆಟ್ಟ ಕಣ್ಣು.

"ಸಾರಿ... ಅಭ್ಯಾಸ ಆಗ್ಬಿಟ್ಟಿದೆ. ನಿಮ್ಮನ್ನ ಕಿಡ್ನಿ ದಾನಿ ಅಂತ ಒಪ್ಪಬೇಕಾದ್ರೆ ಎಂಟು ಕಿಲೋ ಇಳೀಬೇಕು."

"ಎಷ್ಟು ದಿನದಲ್ಲಿ?"

"ದಿನದಲ್ಲಿ ಅಲ್ಲ. ತಿಂಗಳಲ್ಲಿ."

ಅವಳಿಗೆ ಅಲ್ಲೇ ಕೂತುಬಿಡೋಣ ಅನ್ನಿಸಿತು. ತಿಂಗಳುಗಟ್ಟಲೆ ಕಾಯಲು ಮನೆಯಲ್ಲಿ ಯಾರಿಗೆ ವ್ಯವಧಾನ ಇತ್ತು?

ಅಣ್ಣನ ಎರಡೂ ಕಿಡ್ನಿ ಕೈಕೊಟ್ಟು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಅಪ್ಪ ಅಮ್ಮ ಹೋದ ಮೇಲೆ ಅವಳನ್ನು ಓದಿಸಿ ದಡ ಹತ್ತಿಸಿದವನು ಅವನೇ. ತಂಗಿಯ ಕಿಡ್ನಿ ಹೊಂದುತ್ತದೆ ಎಂದು ರಿಪೋರ್ಟು ಬಂದ ದಿನ ಅತ್ತಿಗೆ ಫೋನ್ ಹಿಡಿದು ಕೂತು ನೆಂಟರಿಗೆಲ್ಲ ಹೇಳಿದರು. "ನಮ್ಮ ಪುಟ್ಟಿದು ಹೊಂದುತ್ತಂತೆ!"

ಪುಟ್ಟಿಗೆ ಮಾತ್ರ ಹೇಳುವುದು ಮರೆತರು. ಅವಳಿಗೆ ಗೊತ್ತಾಗಿದ್ದು ಚಿಕ್ಕಮ್ಮ ಫೋನ್ ಮಾಡಿ ಶುಭ ಹಾರೈಸಿದಾಗ.

ಹೌದು, ಎಂಬತ್ತೊಂದು ಕಿಲೋ ತೂಗುವವಳಿಗೆ ಮನೆಯಲ್ಲಿ ಪುಟ್ಟಿ ಎಂದೇ ಹೆಸರು. ನಗುವವರು ನಗಬಹುದು, ಅವಳೇ ಎಷ್ಟೋ ಸಲ ನಕ್ಕಿದ್ದಾಳೆ.

* * *

ಮರುವಾರ ಅವಳು ಒಂದು ಹಾಳೆ ತಂದು ಅವನ ಮೇಜಿನ ಮೇಲಿಟ್ಟಳು. ಫೋನಿನಲ್ಲಿ ಹುಡುಕಿ, ಗೆರೆ ಹಾಕಿ, ನೀಟಾಗಿ ಬರೆದುಕೊಂಡು ಬಂದಿದ್ದಳು.

"ಇದರಲ್ಲಿ ಯಾವುದು ಬೇಗ? ಅದೊಂದು ಹೇಳಿ ಸಾಕು."

ಅವನು ಕನ್ನಡಕ ಸರಿಮಾಡಿಕೊಂಡು ಓದಿದ.

"ಕೀಟೋ... ಅನ್ನ ಬಿಟ್ಟು ಬರೀ ಕೊಬ್ಬು, ಮೊಟ್ಟೆ, ಪನೀರು. ಬೇಗ ಇಳಿಯುತ್ತೆ ನಿಜ. ಆದ್ರೆ ಕಿಡ್ನಿ ಕೊಡೋಕೆ ಹೊರಟವರು ಇದನ್ನ ಮಾಡೋದು ಬೇಡ."

"ಹದಿನಾರು ಗಂಟೆ ಉಪವಾಸ?"

"ಕೆಲವರಿಗೆ ಒಗ್ಗುತ್ತೆ. ನಿಮ್ಮ ಕೆಲಸ ಏನು?"

"ನೀರು ಸರಬರಾಜು ಕಚೇರಿ. ದೂರು ವಿಭಾಗ. ಬೆಳಿಗ್ಗೆಯಿಂದ ಸಂಜೆವರೆಗೂ ಬೈಸಿಕೊಳ್ಳೋದು."

"ಹಸಿದ ಹೊಟ್ಟೇಲಿ ಬೈಸಿಕೊಳ್ತೀರಾ?"

ಅವಳಿಗೆ ನಗು ಬಂತು. ಎಷ್ಟು ದಿನವಾಗಿತ್ತೋ ನಕ್ಕು!

"ಏಳು ದಿನದ ಹಣ್ಣು, ಸೂಪು?"

"ಮೂರು ಕಿಲೋ ಹೋಗುತ್ತೆ, ನಾಲ್ಕು ಕಿಲೋ ಬರುತ್ತೆ. ಊಟದ ಬದಲು ಪುಡಿ ಕಲಸಿ ಕುಡಿಯೋದು ಅಂತೀರಾ, ಅದನ್ನ ಎಷ್ಟು ದಿನ ಕುಡೀತೀರಿ?" ಅವನು ಹಾಳೆಯ ಹಿಂಬದಿಯಲ್ಲಿ ಒಂದು ತಟ್ಟೆಯ ಚಿತ್ರ ಬರೆದ. "ಅರ್ಧ ತಟ್ಟೆ ತರಕಾರಿ. ಕಾಲು ಭಾಗ ಬೇಳೆಕಾಳು. ಕಾಲು ಭಾಗ ಅನ್ನ. ಸಂಜೆ ನಲವತ್ತು ನಿಮಿಷ ನಡಿಗೆ. ಅಷ್ಟೇ."

"ಇಷ್ಟೇನಾ? ಇದಕ್ಕೆ ಹೆಸರೇ ಇಲ್ಲವಲ್ಲ!"

"ಅದಕ್ಕೇ ಯಾರೂ ಮಾಡಲ್ಲ."

ಮೆತ್ತನೆಯ ದನಿ ಅವನದು. ಅದೇಕೋ ಆ ದಿನ ಬಸ್ಸಿನಲ್ಲಿ ಮನೆ ತಲುಪುವವರೆಗೂ ಆ ದನಿ ಅವಳ ಕಿವಿಯಲ್ಲೇ ಉಳಿಯಿತು.

* * *

ಆದರೆ ಮನೆಯಲ್ಲಿ ಅಣ್ಣನ ಕಾಲು ಊದಿಕೊಂಡಿತ್ತು. ಅತ್ತಿಗೆ ದಿನಾ ಬೆಳಿಗ್ಗೆ ಕೇಳುತ್ತಿದ್ದರು.

"ಎಷ್ಟಾಯ್ತೇ ಪುಟ್ಟಿ? ಇಳೀತಾ?"

ಹೆಸರಿಲ್ಲದ ಡಯಟ್ಟಿಗೆ ಯಾರು ಕಾಯುತ್ತಾರೆ! ಡಯಟಿಷಿಯನ್ನಿಗೆ ಹೇಳದೆ ಅವಳು ಸೂಪು ಕುಡಿದಳು. ಉಪವಾಸ ಮಾಡಿ, ನೀರು ಬಂದಿಲ್ಲ ಎಂದು ಫೋನ್ ಮಾಡಿದ ಒಬ್ಬ ಯಜಮಾನರ ಮೇಲೆ ಕೂಗಾಡಿ ಮೇಲಧಿಕಾರಿಯಿಂದ ಮಂಗಳಾರತಿ ಮಾಡಿಸಿಕೊಂಡಳು. ಅತ್ತಿಗೆ ತಂದ ಪುಡಿ ಕುಡಿದು ವಾಂತಿಯಾಯಿತು. ಭಾನುವಾರ ಮಧ್ಯಾಹ್ನ ಎಲ್ಲರೂ ಮಲಗಿದಾಗ, ಫ್ರಿಜ್ ಬಾಗಿಲು ತೆಗೆದು ನಿಂತು, ಸಿಕ್ಕಿದ್ದೆಲ್ಲ ತಿಂದಳು. ತಿನ್ನುತ್ತಾ ಅತ್ತಳು.

ಯಾಕೆ ಹೀಗೆ ಮಾಡ್ತಿದೀನಿ? ಅಣ್ಣನ ಮೇಲೆ ನನಗೆ ಇಷ್ಟೇನಾ ಪ್ರೀತಿ?

ಆರು ವಾರದ ನಂತರ ಯಂತ್ರ ತೋರಿಸಿದ್ದು ಎಂಬತ್ತೊಂದು. ಇಳಿದದ್ದು ಆರುನೂರು ಗ್ರಾಂ!

ಡಯಟಿಷಿಯನ್ ಆ ದಿನ ಸಂಖ್ಯೆಯನ್ನು ಜೋರಾಗಿ ಓದಲಿಲ್ಲ. ನರ್ಸನ್ನು ಹೊರಗೆ ಕಳಿಸಿ, ಬಾಗಿಲು ಅರ್ಧ ಮುಚ್ಚಿ, ಎದುರಿಗೆ ಕೂತ.

"ಒಂದು ಮಾತು ಕೇಳ್ತೀನಿ. ನಿಮಗೆ ಕಿಡ್ನಿ ಕೊಡೋಕೆ ಇಷ್ಟ ಇದೆಯಾ?"

"ಇದೆಂಥಾ ಪ್ರಶ್ನೆ?"

"ಇಲ್ಲ ಅಂದ್ರೂ ತಪ್ಪಿಲ್ಲ. ತೂಕ ಹೊಂದಲಿಲ್ಲ ಅಂತ ಬರೀತೀವಿ. ಒಳಗಿನ ಕಾರಣ ಮನೆಯವರಿಗೆ ಯಾರೂ ಹೇಳಲ್ಲ. ಇಲ್ಲಿ ಎಲ್ಲಾ ದಾನಿಗಳಿಗೂ ಆ ದಾರಿ ಇದೆ... ಬರೀಲಾ?"

ಇವರೂ ಕೈಬಿಟ್ಟರು! ಈ ದಪ್ಪ ಹೆಂಗಸಿನ ಕೈಯಲ್ಲಿ ಏನೂ ಆಗಲ್ಲ ಅಂತ ತೀರ್ಮಾನ ಮಾಡಿಬಿಟ್ಟರು...

"ನನ್ನ ನೋಡಿ ಬೇಜಾರಾಗಿದ್ರೆ ನೇರವಾಗಿ ಹೇಳಿ. ಹೀಗೆ ಸುತ್ತಿ ಬಳಸಿ ಅವಮಾನ ಮಾಡಬೇಡಿ!"

"ಅಯ್ಯೋ, ಹಾಗಲ್ಲ ರೀ..."

ಅವಳು ಆಗಲೇ ಬಾಗಿಲು ದಾಟಿಯಾಗಿತ್ತು.

* * *

ಎರಡು ವಾರ ಅತ್ತ ತಲೆ ಹಾಕಲಿಲ್ಲ.

ಒಂದು ಮಧ್ಯಾಹ್ನ ಕಚೇರಿಗೆ ಒಬ್ಬ ಮುದುಕಿಯ ಫೋನ್ ಬಂತು. ಒಂಬತ್ತು ದಿನದಿಂದ ನಲ್ಲಿಯಲ್ಲಿ ನೀರಿಲ್ಲ. ಅವಳು ವಿಳಾಸ ಬರೆದುಕೊಂಡು, ಅಭ್ಯಾಸಬಲದಿಂದ ಕೇಳಿದಳು.

"ಈಗ ನಿಮಗೆ ಏನು ಮಾಡಿಕೊಡಬೇಕು ಹೇಳಿ ಅಜ್ಜಿ."

"ನಿನಗೇನು ಬೇಕು ಅಂತ ಕೇಳಿದವಳು ನೀನೊಬ್ಬಳೇ ಕಣಮ್ಮ," ಎಂದಿತು ಆ ಮುದಿ ದನಿ.

ಫೋನಿಟ್ಟ ಮೇಲೆ ಪುಟ್ಟಿ ಮುಂದಿನ ಕರೆ ಎತ್ತಲಿಲ್ಲ. ಅವಳನ್ನು ಯಾರು ಕೇಳಿದ್ದರು? ಅತ್ತಿಗೆ ಕೇಳಲಿಲ್ಲ. ಸಂಕೋಚಕ್ಕೋ ಏನೋ, ಅಣ್ಣನೂ ಕೇಳಲಿಲ್ಲ. ಇಷ್ಟ ಇದೆಯಾ ಎಂದು ಕೇಳಿದವನು ಒಬ್ಬನೇ ಒಬ್ಬ. ಅವನ ಮೇಲೆಯೇ ಎಗರಾಡಿ ಬಂದಿದ್ದಳು!

ಆಗ ಅವಳು ಆ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಹುಡುಕಿದಳು. ಭಯವಿತ್ತು. ಆಪರೇಷನ್ ಎಂದರೆ ಕೈಕಾಲು ತಣ್ಣಗಾಗುವಷ್ಟು ಭಯ. ಬಾಯಿಬಿಟ್ಟು ಹೇಳಲಾಗದೆ ಫ್ರಿಜ್ ಮುಂದೆ ನಿಂತು ತಿಂದಿದ್ದಳು. ಆದರೆ ಆ ಭಯದ ಜೊತೆಗೆ ಅಣ್ಣನೂ ಇದ್ದ. ಜ್ವರ ಬಂದಾಗ ರಾತ್ರಿಯಿಡೀ ಹಣೆ ಒರೆಸಿದ ಅಣ್ಣ. ಅವನು ಬದುಕಬೇಕು. ಇದನ್ನು ಯಾರೂ ಅವಳ ತಲೆಗೆ ಕಟ್ಟಿದ್ದಲ್ಲ, ಅವಳಿಗೇ ಬೇಕಿತ್ತು.

ಮರುದಿನವೇ ಆಸ್ಪತ್ರೆಗೆ ಹೋದಳು. ಆ ಕುರ್ಚಿಯಲ್ಲಿ ಬೇರೆ ಮೇಡಂ ಕೂತಿದ್ದರು.

"ನಿಮ್ಮ ಫೈಲು ಈಗ ನನ್ನ ಹತ್ರ. ಅವರೇ ಕೇಳಿಕೊಂಡು ಬದಲಾಯಿಸಿದ್ರು."

ಕೈ ತೊಳೆದುಕೊಂಡುಬಿಟ್ಟರಾ? ಆದರೂ ಹೇಳಬೇಕಾದ್ದನ್ನು ಹೇಳಿದಳು.

"ನಂಗೆ ಹೆದರಿಕೆ ಇದೆ ಮೇಡಂ. ಆದ್ರೂ ಕೊಡ್ತೀನಿ. ಅವಸರದ ಡಯಟ್ ಯಾವುದೂ ಬೇಡ. ಅವರು ಬರೆದುಕೊಟ್ಟ ಆ ತಟ್ಟೆದೇ ಸಾಕು."

ಮನೆಗೆ ಬಂದು ಅತ್ತಿಗೆಗೂ ಹೇಳಿದಳು. "ಅತ್ತಿಗೆ, ಇನ್ಮೇಲೆ ದಿನಾ ಕೇಳಬೇಡಿ. ಆದಾಗ ನಾನೇ ಹೇಳ್ತೀನಿ." ಅತ್ತಿಗೆಯ ಮುಖ ಸಣ್ಣದಾಯಿತು. ಆದರೆ ಆ ರಾತ್ರಿಯೇ ನಾದಿನಿಯ ತಟ್ಟೆಗೆ ತರಕಾರಿ ಮೊದಲು ಬಡಿಸಿದರು.

ತಿಂಗಳುಗಳು ಕುಂಟುತ್ತಾ ಸಾಗಿದವು. ಕೆಲಸ, ನಡಿಗೆ, ಅಣ್ಣನ ಡಯಾಲಿಸಿಸ್, ಮತ್ತೆ ಕೆಲಸ. ವಾರಕ್ಕೆ ಅರ್ಧ ಕಿಲೋ ಇಳಿದರೆ ಅದೇ ಹೆಚ್ಚು. ಕೆಲವು ವಾರ ಅದೂ ಇಲ್ಲ. ಆಸ್ಪತ್ರೆಯಲ್ಲಿ ಅವನು ಎದುರಾದರೆ ತಲೆ ತಗ್ಗಿಸಿ ದಾಟಿ ಹೋಗುತ್ತಿದ್ದ. ಅವಳೂ ಗೋಡೆ ನೋಡುತ್ತಿದ್ದಳು. ತಟ್ಟೆಯ ಊಟ ಶುರುಮಾಡಿದ ಐದನೇ ತಿಂಗಳಿಗೆ ಯಂತ್ರ ಎಪ್ಪತ್ತಮೂರೂವರೆ ತೋರಿಸಿತು. ಆಸ್ಪತ್ರೆಯ ಅಂಗದಾನ ಸಮಿತಿ ಅವಳನ್ನು ದಾನಿ ಎಂದು ಒಪ್ಪಿತು.

* * *

ಅಡ್ಮಿಟ್ ಆಗುವ ಬೆಳಿಗ್ಗೆ. ಅಣ್ಣನ ಜೊತೆ ಅತ್ತಿಗೆ ಮೇಲಿನ ವಾರ್ಡಿಗೆ ಹೋಗಿಯಾಗಿತ್ತು.

"ದಾನಿ ಜೊತೆ ಯಾರಮ್ಮ ಇರ್ತಾರೆ?" ಕೌಂಟರಿನ ಗುಮಾಸ್ತೆ ಕೇಳಿದಳು. "ಈ ಜಾಗ ಖಾಲಿ ಬಿಟ್ಟಿದೀರಲ್ಲ!"

ಪುಟ್ಟಿ ಪೆನ್ನು ಹಿಡಿದು ನಿಂತಳು. ಯಾರಿಗೂ ಹೊಳೆದಿರಲಿಲ್ಲ. ಅವಳಿಗೂ ಹೊಳೆದಿರಲಿಲ್ಲ. ಕಣ್ಣು ತುಂಬಿ ಅಕ್ಷರ ಮಸುಕಾಯಿತು.

"ನನ್ನ ಹೆಸರು ಬರೀಬಹುದಾ?"

ಪಕ್ಕದಲ್ಲಿ ಅವನು. ಅದೇ ಕನ್ನಡಕ, ಅದೇ ಗಡ್ಡ.

"ಫೈಲು ಬೇಡ ಅಂದವರು ಈಗ ಯಾಕೆ ಬಂದ್ರಿ?"

"ಬೇಡ ಅಂತಲ್ಲ..." ಎಂದ ಅವನು. "ಆವತ್ತು ಇಷ್ಟ ಇದೆಯಾ ಅಂತ ಕೇಳಿದೆನಲ್ಲ, ನೀವು ಇಲ್ಲ ಅಂದ್ರೆ ಸಾಕಪ್ಪಾ ಅಂತ ನನ್ನ ಮನಸ್ಸು ಬೇಡ್ಕೊಳ್ತಿತ್ತು. ನಿಮಗೆ ಏನಾದ್ರೂ ಆಗ್ಬಿಟ್ರೆ ಅಂತ ಭಯ. ಅಂಥವನು ದಾನಿಗೆ ಸಲಹೆ ಕೊಡೋ ಕುರ್ಚೀಲಿ ಕೂರಬಾರದು. ಅದಕ್ಕೇ ಎದ್ದುಬಿಟ್ಟೆ. ಸಮಿತಿಯವರ ಸಹಿ ಆಗೋವರೆಗೂ ಬಾಯಿ ಬಿಡೋ ಹಾಗಿರಲಿಲ್ಲ."

ಅವಳು ಅವನನ್ನೇ ನೋಡಿದಳು. ಐದು ತಿಂಗಳ ದಣಿವಿನಲ್ಲಿ ಹತ್ತಿರದ ಬೆಂಚಿನ ಮೇಲೆ ಕೂತುಬಿಟ್ಟಳು. ಅವನೂ ಪಕ್ಕದಲ್ಲಿ ಕೂತ.

"ನಂಗೆ ತುಂಬಾ ಸುಸ್ತಾಗಿದೆ ರೀ..."

"ಗೊತ್ತು."

"ಹೆದರಿಕೇನೂ ಆಗ್ತಿದೆ."

"ನಂಗೂ."

ಅವಳು ಮೆಲ್ಲಗೆ ತಲೆಯನ್ನು ಅವನ ಭುಜಕ್ಕೆ ಆನಿಸಿದಳು.

"ನಾನು ಜೊತೆಗಿರಲಾ?"

"ಹೂಂ."

"ಹೂಂ ಅಂದ್ರೆ... ಇವತ್ತಿಗಾ, ಯಾವಾಗಲೂನಾ?"

"ಎಷ್ಟು ಪ್ರಶ್ನೆ ಕೇಳ್ತೀರಪ್ಪಾ!" ಅವಳು ಕಣ್ಣು ಮುಚ್ಚಿಯೇ ನಕ್ಕಳು. "ಎರಡಕ್ಕೂ."