ಉಯ್ಯಾಲೆ ಜೀಕಲು ಬಾರದ ಹೆಡ್‌ಮಿಸ್

ಜಾರುಬಂಡೆಯ ಕೊಳವೆಯಿಂದ ಎರಡು ಕಾಲುಗಳು ಹೊರಗೆ ಚಾಚಿಕೊಂಡಿದ್ದವು. ಇಸ್ತ್ರಿ ಮಾಡಿದ ಪ್ಯಾಂಟು, ದೊಡ್ಡ ಬೂಟು... ಗಂಡಸಿನ ಕಾಲು!

ಮಕ್ಕಳೆಲ್ಲ ಮನೆಗೆ ಹೋಗಿಯಾಗಿತ್ತು. ಶಾಲೆಯ ಹೆಡ್‌ಮಿಸ್ ಮೈದಾನದಲ್ಲಿ ನಿಂತು ಗದರಿದಳು.

"ಯಾರ್ರೀ ಅದು? ಹೊರಗೆ ಬನ್ನಿ."

ಸರ್ರನೆ ಜಾರಿ ಬಂದವನು ಅವಳ ಕಾಲಬುಡದಲ್ಲೇ ಕುಳಿತ. ಅವಳದೇ ವಯಸ್ಸಿನವನು, ಮೂವತ್ತು ದಾಟಿದ ಮನುಷ್ಯ. ತಲೆತುಂಬ ಧೂಳು, ಮುಖದಲ್ಲಿ ಸಿಕ್ಕಿಬಿದ್ದ ತುಂಟನ ನಗು.

"ಆಟದ ಸಾಮಾನು ಪರೀಕ್ಷೆ ಮಾಡೋನು ಮೇಡಂ. ನಿಮ್ಮ ಆಫೀಸಿನವರೇ ಕರೆಸಿದ್ರು. ಒಳಗಡೆ ತಗಡು ಎದ್ದಿದೆ, ಮಕ್ಕಳಿಗೆ ತರಚುತ್ತೆ."

"ಅದನ್ನ ನೋಡೋಕೆ ಜಾರಲೇಬೇಕಾ?"

"ಜಾರದೆ ಹೇಗೆ ಗೊತ್ತಾಗುತ್ತೆ?"

ಅವಳು ಬಂದ ನಗುವನ್ನು ನುಂಗಿಕೊಂಡಳು. 'ಎಂಥ ಮನುಷ್ಯ ಇವನು... ನಾಚಿಕೆಯೇ ಇಲ್ವಾ?'

ರಿಪೇರಿ ಮುಗಿಯುವವರೆಗೂ ಅವನು ದಿನಾ ಸಂಜೆ ಬಂದ. ಕಂಬಿಗೆ ಜೋತುಬಿದ್ದು ಅದರ ಗಟ್ಟಿತನ ನೋಡುತ್ತಿದ್ದ. ಸೀ-ಸಾ ಹಲಗೆಯ ಒಂದು ತುದಿಯಲ್ಲಿ ಕುಳಿತು, ಇನ್ನೊಂದು ತುದಿಗೆ ಡ್ರಿಲ್ ಮಾಸ್ಟರನ್ನು ಕರೆಯುತ್ತಿದ್ದ. ಹೆಡ್‌ಮಿಸ್ ಕಿಟಕಿಯಿಂದ ಕಣ್ಣು ಕೀಳುತ್ತಿರಲಿಲ್ಲ. ಏನಾದರೊಂದು ನೆಪ ಹುಡುಕಿ ಕೆಳಗಿಳಿದು, "ಇವತ್ತೇನು ಸಿಕ್ತು?" ಎಂದು ಕೇಳುವುದು ರೂಢಿಯಾಯಿತು.

ಒಂದು ಸಂಜೆ ಹಾಗೆ ಇಳಿದು ಬರುವಾಗ, ಮೆಟ್ಟಿಲ ಬಳಿ ಅವನು ಡ್ರಿಲ್ ಮಾಸ್ಟರಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು.

"ನಿಮ್ಮ ಮೇಡಂ ಹುಟ್ಟುತ್ತಲೇ ದೊಡ್ಡವರಾಗಿಬಿಟ್ಟಿದ್ರು ಅನ್ಸುತ್ತೆ."

ಅವಳು ಹಾಗೇ ಹಿಂತಿರುಗಿ ಮೆಟ್ಟಿಲು ಹತ್ತಿದಳು. ಅಮ್ಮ ತೀರಿಕೊಂಡಾಗ ಅವಳಿನ್ನೂ ಪುಟ್ಟ ಹುಡುಗಿ. ತಮ್ಮಂದಿರಿಬ್ಬರನ್ನೂ ಸೊಂಟದ ಮೇಲೆ ಹೊತ್ತೇ ಬೆಳೆಸಿದವಳು. ಈಗಲೂ ಅವರು ಬಾಯಿತಪ್ಪಿ ಅಕ್ಕನ ಬದಲು ಅಮ್ಮ ಅನ್ನುವುದುಂಟು.

ಅದನ್ನೇ ಇವನು ಆಡಿಕೊಂಡನೇ?

ಅಂದಿನಿಂದ ಅವಳು ಅವನ ಜೊತೆ ಮಾತು ಬಿಟ್ಟಳು.

ಕೊನೆಗೆ ಅವನು ಅವಳ ಕೋಣೆಯ ಬಾಗಿಲಲ್ಲಿ ಬಂದು ನಿಂತ. "ಕೆಲಸ ಮುಗೀತು ಮೇಡಂ. ಬರ್ತೀನಿ."

ಸುಮ್ಮನೆ ತಲೆಯಾಡಿಸಿ ಕಳಿಸಿಬಿಡಬೇಕೆಂದಿದ್ದಳು. ಆಗಲಿಲ್ಲ.

"ಅವತ್ತು ಯಾಕೆ ಹಾಗಂದ್ರಿ? ಹುಟ್ಟುತ್ತಲೇ ದೊಡ್ಡವಳು ಅಂತ."

ಅವನ ಮುಖ ಸಪ್ಪಗಾಯಿತು. "ಕೇಳಿಸ್ಕೊಂಡ್ರಾ... ತಮಾಷೆಗೆ ಅಂದಿದ್ದಲ್ಲ. ನಿಮ್ಮನ್ನ ನೋಡಿದ್ರೆ ನನ್ನನ್ನೇ ನೋಡಿದ ಹಾಗಾಗುತ್ತೆ. ಚಿಕ್ಕವನಿದ್ದಾಗ ಸೊಂಟದ ಕಾಯಿಲೆ ಇತ್ತು, ವರ್ಷಗಟ್ಟಲೆ ಹಾಸಿಗೆ ಮೇಲೇ. ಹೊರಗೆ ಮಕ್ಕಳು ಆಡೋರು. ನಂಗೆ ಅದೆಲ್ಲ ಇಷ್ಟ ಇಲ್ಲ ಅಂತ ದೊಡ್ಡವರ ಥರ ಹೇಳ್ತಿದ್ದೆ. ಸುಳ್ಳು. ಈ ಕೆಲಸಕ್ಕೆ ಸೇರಿದ ಮೇಲೇ ನಾನು ಮೊದಲ ಸಲ ಜಾರಿದ್ದು."

"ಹೇಗಿತ್ತು?" ಅವಳ ದನಿ ತಗ್ಗಿತ್ತು.

"ಅತ್ತುಬಿಟ್ಟೆ."

ಅವಳು ಎದ್ದು ಹೊರಟಳು. ಅವನು ಹಿಂದೆಯೇ ಬಂದ. ಮೈದಾನದಲ್ಲಿ ಅವಳು ಹಿಂದೆ ಮುಂದೆ ನೋಡದೆ ಉಯ್ಯಾಲೆಯ ಮೇಲೆ ಕುಳಿತಳು. ಕಾಲು ಆಡಿಸಿದಳು. ಉಯ್ಯಾಲೆ ಅತ್ತಿತ್ತ ಓಲಾಡಿ ನಿಂತೇಬಿಟ್ಟಿತು.

"ನಂಗೆ ಬರಲ್ಲ." ಆ ದನಿ ಅವಳಿಗೇ ಹೊಸದು. "ತಮ್ಮಂದಿರನ್ನ ತೂಗಿದೀನಿ ಅಷ್ಟೇ. ನಾನು ಯಾವತ್ತೂ ಕೂತಿಲ್ಲ."

ಅವನು ನಗಲಿಲ್ಲ. ಪಕ್ಕದ ಉಯ್ಯಾಲೆಯಲ್ಲಿ ಕುಳಿತು ತೋರಿಸಿದ. "ಮುಂದೆ ಹೋಗುವಾಗ ಕಾಲು ಚಾಚಿ. ಹಿಂದೆ ಬರುವಾಗ ಮಡಿಸಿ."

ಉಯ್ಯಾಲೆ ಮೆಲ್ಲಗೆ ಏರಿತು. ಹೊಟ್ಟೆಯೊಳಗೆ ಝುಮ್ಮೆಂದಿತು. ಅವಳು ಕಿರುಚಿದಳು, ನಕ್ಕಳು... ನಗುನಗುತ್ತಲೇ ಅಳು ಬಂತು.

"ನಿಲ್ಲಿಸೋಣ್ವಾ?"

"ಬೇಡ. ಇನ್ನೂ ಸ್ವಲ್ಪ ಹೊತ್ತು."

ಹೊತ್ತು ಮುಳುಗುವ ತನಕ ಇಬ್ಬರೂ ಜೀಕಿದರು.

"ನಾಳೇನೂ ಬನ್ನಿ," ಅಂದಳು.

"ಕೆಲಸ ಮುಗೀತಲ್ಲ ಮೇಡಂ."

"ಕೆಲಸಕ್ಕಲ್ಲ." ಅವಳು ಸರಪಳಿಯನ್ನು ಬಿಗಿಯಾಗಿ ಹಿಡಿದಳು. "ಸುತ್ತಿ ಬಳಸಿ ಹೇಳೋಕೆ ಈಗ ಬರ್ತಿಲ್ಲ. ನಂಗೆ ನೀವು ಬೇಕು."

ಅವನು ನೆಲಕ್ಕೆ ಕಾಲು ಊರಿ ಉಯ್ಯಾಲೆ ನಿಲ್ಲಿಸಿದ.

"ಇನ್ನೊಂದ್ಸಲ ಹೇಳ್ತೀರಾ?"

"ಯಾಕೆ, ಕೇಳಿಸಲಿಲ್ವಾ?"

"ಕೇಳಿಸ್ತು. ಅದಕ್ಕೇ."