ಹೆಣದ ಬಟ್ಟೆಯ ಸೂಜಿ

"ಅವಳ ಕೈಗೆ ಮಾತ್ರ ಕೊಡಬೇಡ ಕಣಪ್ಪಾ," ಎಂದಳು ಪಾದ್ರಿಯ ಹೆಂಡತಿ ಪ್ರೊಫಿರಾ. "ಬೇಕಾದ್ರೆ ದಾರದಲ್ಲಿ ಕಟ್ಟಿ ನೇತು ಹಾಕು. ಆ ಸಾಫ್ತಾಳ ಸೂಜಿ ಪದಕಕ್ಕೆ ತಾಗಬಾರ್ದು."

ಸಿಲ್ವಿಯು ಹುಶಾನು ಬಾಯಲ್ಲಿದ್ದ ಜೋಳದ ಮುದ್ದೆಯನ್ನು ನುಂಗಿ, ಪ್ಲಮ್ ಸಾರಾಯಿಯ ಲೋಟ ಎತ್ತಿ ಗಹಗಹಿಸಿ ನಕ್ಕ. ಅವನು ಯಾಶ್ ಪಟ್ಟಣದಿಂದ ಈ ಹಳ್ಳಿಗೆ ನಿನ್ನೆಯಷ್ಟೇ ಬಂದಿಳಿದ ಹಸಿರಂಗಿ ಪಕ್ಷದ ಪ್ರಚಾರಕ. ಮೇಜಿನ ಮೇಲೆ ಅವನು ತಂದ ತಗಡಿನ ಡಬ್ಬಿಯಿತ್ತು. ಒಳಗೆ ಬಿಳಿ ಶಿಲುಬೆಗಳು, ಪಕ್ಷ ತನ್ನ ಶೂರರ ಎದೆಗೆ ಚುಚ್ಚುವ ಪದಕಗಳು. ಅವಕ್ಕೆ ಹಾಕುವ ಹಸಿರು ಪಟ್ಟಿ ಮಾತ್ರ ಥಾನಿನಂತೆ ಸುತ್ತಿಕೊಂಡು ಹಾಗೇ ಬಂದಿತ್ತು. ಯಾರಾದರೂ ಕತ್ತರಿಸಿ ಹೊಲಿಯಬೇಕಿತ್ತು, ಊರಲ್ಲಿ ಹೊಲಿಗೆಯ ಕೈ ಎಂದರೆ ಸಾಫ್ತಾಳದೇ.

ಆ ಊರಿನ ಶೂರರು ಮೂವರು. ಅವರ ಶೌರ್ಯವನ್ನೂ ಹೇಳಿಬಿಡಬೇಕು. ಶಾಲೆಯ ಮಾಸ್ತರ ಗವ್ರಿಲ್ ಮಕ್ಕಳಿಗೆ ಪಕ್ಷದ ಹಾಡು ಕಲಿಸುವುದಿಲ್ಲ ಎಂದಿದ್ದ. ಗಿರಣಿಯಿಂದ ಹಿಟ್ಟು ಹೊತ್ತು ಒಬ್ಬನೇ ಬರುತ್ತಿದ್ದ ಅವನನ್ನು ಮೂವರೂ ಸೇರಿ ಕೊಡಲಿಯ ಕಾವಿನಿಂದ ಬಡಿದು ಸಿರೆತ್ ಹೊಳೆಗೆ ಎಸೆದರು. ಹಿಂದೆಲ್ಲ ಇಂಥದಕ್ಕೆ ನೇಣು ಹಾಕುತ್ತಿದ್ದರು. ಆ ವರ್ಷ ಪದಕ ಹಾಕುತ್ತಿದ್ದರು. ಹೆಣ ಸಿಕ್ಕಲಿಲ್ಲ. ಆ ಗವ್ರಿಲನನ್ನು ಹೆತ್ತವಳೇ ಸಾಫ್ತಾ.

"ಕೇಳಪ್ಪಾ ಇಲ್ಲಿ," ಪ್ರೊಫಿರಾ ದನಿ ತಗ್ಗಿಸಿದಳು. "ಮಗನಿಗೆ ಅಂತ ಹೆಣದ ಬಟ್ಟೆ ಹೊಲಿದಿಟ್ಟಿದಾಳೆ. ಗುಂಡಿನೂ ತೋಡ್ಸಿದಾಳೆ. ಆದ್ರೆ ಹೆಣ ಎಲ್ಲಿದೆ? ಹೆಣದ ಬಟ್ಟೆ ಹೊಲಿದ ಸೂಜಿನ ನಾವು ಹೆಣದ ಜೊತೆಗೇ ಮಣ್ಣು ಮಾಡ್ತೀವಿ. ಅವಳ ಸೂಜಿ ಇನ್ನೂ ಅವಳ ಕಾಲರಿನಲ್ಲೇ ಇದೆ. ಅದಕ್ಕೊಂದು ಹೆಣ ಬೇಕು. ಅದು ಹೊಲಿದದ್ದನ್ನ ತೊಟ್ಟವನು, ಆ ಸತ್ತವನ ಹೆಸರು ಕೂಗ್ದಾಗ ಓ ಅಂದ್ಬಿಟ್ರೆ ಮುಗೀತು. ಸತ್ತವನ ಜಾಗ ಓಗೊಟ್ಟವನದ್ದು. ನಿಮ್ಮ ಪಕ್ಷದೋರು ಬೇರೆ ಸತ್ತವರ ಹಾಜರಿ ಕೂಗ್ತೀರಿ..."

"ಅಮ್ಮಾವ್ರೇ, ನಿಮ್ಮ ಗಂಡ ಬೈಬಲ್ ಓದ್ತಾರೋ, ಇದನ್ನೇ ಓದ್ತಾರೋ?" ಎಂದ ಸಿಲ್ವಿಯು. ಪಾದ್ರಿ ತಟ್ಟೆಯಿಂದ ತಲೆ ಎತ್ತಲಿಲ್ಲ.

ಹಾಜರಿಯ ಮಾತು ನಿಜ. ಹಸಿರಂಗಿಯವರ ಸಭೆಯೆಂದರೆ ಮೊದಲು ಸತ್ತ ಕಾರ್ಯಕರ್ತರ ಹೆಸರು ಒಂದೊಂದಾಗಿ ಕೂಗುವುದು, ಪ್ರತಿ ಹೆಸರಿಗೂ ನೆರೆದವರೆಲ್ಲ ಒಂದೇ ಗಂಟಲಿನಲ್ಲಿ "ಹಾಜರ್!" ಎಂದು ಗುಡುಗುವುದು. ಬದುಕಿದ್ದವರಿಗಿಂತ ಸತ್ತವರ ಮೇಲೆ ಆ ಪಕ್ಷಕ್ಕೆ ಪ್ರೀತಿ ಜಾಸ್ತಿ. ಸಿಲ್ವಿಯು ಎಷ್ಟು ಸಭೆಗಳಲ್ಲಿ ಹಾಗೆ ಕೂಗಿದ್ದನೆಂದರೆ, ನಿದ್ದೆಯಲ್ಲಿ ಹೆಸರು ಹೇಳಿದರೂ ಅವನ ಬಾಯಿ ಹಾಜರ್ ಎನ್ನುತ್ತಿತ್ತು.

ಅವನಿಗಿದ್ದ ಕೊರಗು ಒಂದೇ, ಅವನ ಸ್ವಂತ ಎದೆ ಬರಿದಾಗಿತ್ತು. ಜೊತೆಯ ಹುಡುಗರೆಲ್ಲ ಜೈಲು ಕಂಡು, ಏಟು ತಿಂದು, ಏಟು ಕೊಟ್ಟು ಬಿಳಿ ಶಿಲುಬೆ ತೊಟ್ಟು ಮೆರೆಯುತ್ತಿದ್ದರು. ಇವನು ಭಾಷಣ ಬರೆದುಕೊಂಡೇ ಉಳಿದಿದ್ದ. ಈ ಸಮಾರಂಭ ಚೆನ್ನಾಗಿ ನಡೆಸಿದರೆ ನಿನಗೂ ಒಂದು ಕೊಡಿಸುತ್ತೇನೆ ಎಂದು ದಳಪತಿ ಬೆನ್ನು ತಟ್ಟಿ ಕಳಿಸಿದ್ದ. ಆ ಬಿಳಿ ತುಂಡಿಗಾಗಿ ಸಿಲ್ವಿಯು ಹೆತ್ತ ತಾಯಿಯನ್ನೂ ಮಾರುತ್ತಿದ್ದ. ಇನ್ನೊಬ್ಬನ ತಾಯಿಯನ್ನು ಗೋಳು ಹುಯ್ದುಕೊಳ್ಳುವುದು ಅವನಿಗೆ ಯಾವ ಲೆಕ್ಕ?

"ಅವಳ ಕೈಯಲ್ಲೇ ಹೊಲಿಸ್ತೀನಿ," ಎಂದು ಡಬ್ಬಿ ಎತ್ತಿಕೊಂಡ. "ಮಗನ್ನ ಹೊಡೆದವರ ಪದಕಕ್ಕೆ ತಾಯಿಯೇ ಪಟ್ಟಿ ಹಾಕಲಿ. ಊರಿಗೆ ಬುದ್ಧಿ ಬರುತ್ತೆ."

ಪ್ರೊಫಿರಾ ಶಿಲುಬೆ ಗುರುತು ಮಾಡಿಕೊಂಡು ಬಾಗಿಲು ಹಾಕಿಕೊಂಡಳು.

ಸಾಫ್ತಾಳ ಮನೆ ಹೊಳೆಯ ದಂಡೆಗಿತ್ತು. ನಡುಹಗಲಾದರೂ ಒಳಗೆ ಕತ್ತಲು. ಕಿಟಕಿಗೆ ಕಂಬಳಿ ಹೊದೆಸಿದ್ದಳು. ಹೊಸಿಲು ದಾಟುತ್ತಿದ್ದಂತೆ ಮೂಗಿಗೆ ವಿನೆಗರ್, ಮೇಣದಬತ್ತಿ, ಅದರಡಿಯಲ್ಲಿ ಹಸಿ ಮಣ್ಣಿನ ವಾಸನೆ ಬಡಿಯಿತು. ಮೇಜಿನ ಮೇಲೆ ಬಿಳಿ ಬಟ್ಟೆ ಆಳುದ್ದ ಹಾಸಿತ್ತು. ಕತ್ತು, ತೋಳು ಎಲ್ಲ ಹೊಲಿದು ಮುಗಿದಿತ್ತು. ಒಳಗೆ ಮಲಗಬೇಕಾದವನು ಮಾತ್ರ ಇರಲಿಲ್ಲ.

"ಯಾರಪ್ಪಾ?" ಎಂದಿತು ಮೂಲೆಯಿಂದ ಒಂದು ದನಿ.

"ಕೆಲಸ ತಂದಿದೀನಿ ಮುದುಕೀ. ಸಂಜೆ ಒಳಗೆ ಬೇಕು."

ಅವಳು ಎದ್ದು ಬಂದಳು. ಕಡ್ಡಿಯಂಥ ಹೆಂಗಸು, ತಲೆಗೆ ಕರಿ ವಸ್ತ್ರ. ಶಿಲುಬೆಯನ್ನು ಬೆರಳಲ್ಲಿ ತಿರುಗಿಸಿ ನೋಡಿದಳು. "ಯಾರಿಗೆ ಇದು?"

"ತೋದೆರ್‌ಗೆ, ಅವನ ಇಬ್ಬರು ಜೊತೆಗಾರರಿಗೆ. ಯಾಕೆ ಅಂತ ನಿಂಗೆ ಗೊತ್ತಲ್ಲ."

ತೋದೆರ್ ಊರಿನ ಸಾರಾಯಿ ಅಂಗಡಿಯವನು. ಮೊದಲ ಏಟು ಅವನದೇ. ಸಾಫ್ತಾ ಅಳಲಿಲ್ಲ, ಶಪಿಸಲಿಲ್ಲ. "ನನ್ನ ಮಗನ ಹೆಣ ಎಲ್ಲಿ ಬುದ್ಧೀ? ಅಷ್ಟು ಹೇಳ್ಬಿಡು. ಬಿಟ್ಟಿ ಹೊಲ್ಕೊಡ್ತೀನಿ," ಎಂದಳು.

"ಹೊಳೆನ ಕೇಳು," ಎಂದು ಸಿಲ್ವಿಯು ಹಲ್ಲುಕಿರಿದ. ಎಂಥ ಚುರುಕು ಮಾತು ಎಂದು ತನ್ನನ್ನು ತಾನೇ ಮೆಚ್ಚಿಕೊಂಡ ಕೂಡ.

ಅವಳು ಕಾಲರಿನಿಂದ ಸೂಜಿ ಕಿತ್ತಳು. ದಾರಕ್ಕೆಂದು ಹೆಣದ ಬಟ್ಟೆಯ ಅಂಚಿನಿಂದಲೇ ಒಂದು ಎಳೆ ಎಳೆದಳು. ಹೊಲಿಯುತ್ತ ಹೋದಳು. ಪ್ರತಿ ಹೊಲಿಗೆಗೂ ತುಟಿ ಅಲ್ಲಾಡುತ್ತಿತ್ತು. ಏನು ಹೇಳುತ್ತಿದ್ದಳೋ, ಒಲೆಯ ಚಟಪಟದಲ್ಲಿ ಕೇಳಲಿಲ್ಲ. ಸೂಜಿ ಬಟ್ಟೆ ದಾಟುವ ಸದ್ದು ಮಾತ್ರ ಕೇಳುತ್ತಿತ್ತು. ಅಷ್ಟು ಸಣ್ಣ ಸದ್ದು ಅಷ್ಟು ಜೋರಾಗಿ ಹೇಗೆ ಕೇಳುತ್ತದೆ ಎಂದು ಸಿಲ್ವಿಯುಗೆ ಒಮ್ಮೆ ಅನ್ನಿಸಿತು. ಡಬ್ಬಿಯಲ್ಲಿ ಒಂದು ಪದಕ ಹೆಚ್ಚಿಗೆ ಇತ್ತು. ಅದಕ್ಕೂ ಪಟ್ಟಿ ಹಾಕಿದಳು.

"ಉದ್ದ ಸರಿ ಇದ್ಯೋ ಇಲ್ವೋ ಎದೆ ಮೇಲೆ ಇಟ್ಟು ನೋಡ್ಬೇಕು," ಎಂದಳು. "ಗಂಡಸು ಅಂತ ನೀನೊಬ್ಬನೇ ಇದೀಯ. ಬಾ ಇಲ್ಲಿ, ಒಂದ್ಸಲ ಚುಚ್ಚಿ ನೋಡ್ತೀನಿ. ನಿನ್ನ ಎದೆಗೆ ಚೆಂದ ಒಪ್ಪುತ್ತೆ."

ಬೇರೆ ಯಾವ ಬಲೆಗೂ ಬೀಳದ ಮನುಷ್ಯ ಇದಕ್ಕೆ ಬಿದ್ದ. ಎದೆ ಮುಂದೆ ಮಾಡಿ, ಗಲ್ಲ ಎತ್ತಿ ನಿಂತ. ಗೋಡೆಯ ಒಡಕು ಕನ್ನಡಿಯಲ್ಲಿ ಹಸಿರಂಗಿಯ ಮೇಲೆ ಬಿಳಿ ಶಿಲುಬೆ ಮಿಂಚಿತು. ಆಹಾ! ಅವನ ಕಣ್ಣಲ್ಲಿ ನೀರೇ ಬಂತು. ಪಿನ್ನು ಅಂಗಿ ದಾಟಿ ಚರ್ಮಕ್ಕೆ ಇಳಿದದ್ದೂ ಗೊತ್ತಾಗಲಿಲ್ಲ. ಸಾಫ್ತಾ ಅಂಗೈಯಿಂದ ಅವನ ಭುಜ ನೇವರಿಸಿ, ಅಂಗಿಯ ಸುಕ್ಕು ತೀಡಿದಳು.

"ಅವನದೂ ಇಂಥದೇ ಭುಜ," ಎಂದಳು. "ಬಿಚ್ಚಬೇಡ ಮಗಾ. ಇವತ್ತೊಂದಿನ ಹಾಕ್ಕೊಂಡಿರು. ಯಾರು ಕೇಳ್ತಾರೆ?"

ಹೌದು, ಯಾರು ಕೇಳುತ್ತಾರೆ? ದಳಪತಿ ಬರುವುದು ಇನ್ನೂ ನಾಡಿದ್ದು. ಸಿಲ್ವಿಯು ಬಿಚ್ಚಲಿಲ್ಲ.

ಸಮಾರಂಭ ಶಾಲೆಯ ಅಂಗಳದಲ್ಲಿ ನಡೆಯಿತು. ಚಳಿಗಾಲದ ಹೊತ್ತು ಬೇಗ ಕಪ್ಪಿಡುತ್ತಿತ್ತು. ಪಂಜು ಹಚ್ಚಿದರು. ಎಣ್ಣೆ ಹೊಗೆ, ಕುರಿಚರ್ಮದ ಕೋಟುಗಳ ಕಮಟು, ತೋದೆರ್ ಹಂಚಿದ ಸಾರಾಯಿಯ ಘಾಟು ಎಲ್ಲ ಒಂದಾಗಿ ಗಂಟಲಿಗೆ ಅಡರುತ್ತಿತ್ತು. ಊರವರು ತುಟಿ ಬಿಗಿದು ನಿಂತಿದ್ದರು. ಮೂವರ ಎದೆಗೂ ಪದಕ ಬಿತ್ತು. ತೋದೆರ್ ಮೀಸೆ ತಿರುವಿದ.

ಸಿಲ್ವಿಯು ಹಾಜರಿ ಶುರು ಮಾಡಿದ. ಪಕ್ಷದ ಮೊದಲ ಸತ್ತವನ ಹೆಸರು ಕೂಗಿದ. ಗುಂಪು ಗೊಣಗಿತು.

"ಏನ್ರೋ, ಹೆಂಡ್ತಿ ಸತ್ತವರ ಹಾಗೆ ನಿಂತಿದೀರಾ? ಜೋರಾಗಿ!"

ಜನರ ಬಾಯಿ ಏಳದ್ದಕ್ಕೆ ತಾನೇ ಮುಂದಾದ. ಹೆಸರೂ ಅವನದೇ, ಉತ್ತರವೂ ಅವನದೇ. ಒಂದು ಹೆಸರು, ಹಾಜರ್! ಇನ್ನೊಂದು ಹೆಸರು, ಹಾಜರ್! ತಾಳ ಕೂಡಿತು. ರಕ್ತ ಕಾವೇರಿತು. ಎದೆಯ ಮೇಲೆ ಶಿಲುಬೆ ಕುಣಿಯುತ್ತಿತ್ತು. ಕೊನೆಯ ಹೆಸರು ಮುಗಿಸಿ ಉಸಿರು ಎಳೆದುಕೊಂಡ.

ಆ ಉಸಿರಿನ ಸಂದಿಗೆ ಸರಿಯಾಗಿ, ಬೇಲಿಯ ಹೊರಗಿನಿಂದ, ಅದೇ ತಾಳದಲ್ಲಿ ಒಂದು ಮುದುಕಿಯ ದನಿ ಬಂತು.

"ಸಾಫ್ತಾಳ ಮಗ ಗವ್ರಿಲ್!"

"ಹಾಜರ್!" ಎಂದ ಸಿಲ್ವಿಯು.

ಮಾತು ಬಾಯಿ ದಾಟಿತ್ತು. ಹಿಂದಕ್ಕೆ ಹಿಡಿಯಲಾಗಲಿಲ್ಲ. ಪ್ರೊಫಿರಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸಿಲ್ವಿಯು ನಗಲು ನೋಡಿದ. ನಗು ಬರಲಿಲ್ಲ. ಬಾಯಿಂದ ನೀರು ಬಂತು. ತಣ್ಣಗಿನ, ಕೆಸರಿನ, ಹೊಳೆಯ ನೀರು. ಮೂಗಿನಿಂದ ಬಂತು. ಅಂಗಿಯ ತೋಳಿನಿಂದ ಸುರಿಯಿತು. ಕಾಲ ಕೆಳಗೆ ಹಿಮ ಕರಗಿತು.

"ಗವ್ರಿಲ್ ಮೇಷ್ಟ್ರು!" ಅವನ ಮುಖ ನೋಡಿ ಯಾರೋ ಚೀರಿದರು.

ಅಲ್ಲ, ನಾನು ಸಿಲ್ವಿಯು! ಹೇಳಬೇಕೆಂದ. ಹೊರಟದ್ದು ಇನ್ನೊಬ್ಬನ ದನಿ. ಮೆಲ್ಲಗಿನ ದನಿ. ಪಾಠದ ದನಿ. "ಮಕ್ಕಳೇ, ಕೂತ್ಕೊಳ್ಳಿ," ಎಂದಿತು.

ತೋದೆರ್‌ನ ಮುಖ ಸುಣ್ಣವಾಯಿತು. "ಇನ್ನೂ ಸತ್ತಿಲ್ವೇನೋ ನೀನು?" ಎಂದು ಬಾವುಟದ ಕೋಲು ಕಿತ್ತುಕೊಂಡ. ಬೇಡ ತೋದೆರ್. ನಾನು ಕಣೋ. ಪದಕ ಹಾಕಿದವನು ನಾನು. ಕೋಲು ಬಿತ್ತು. ಮತ್ತೆ ಬಿತ್ತು. ಇನ್ನಿಬ್ಬರೂ ಬಂದರು. ಮೂವರ ಎದೆಯ ಮೇಲೂ ಬಿಳಿ ಶಿಲುಬೆಗಳು ಅತ್ತಿತ್ತ ತೂಗುತ್ತಿದ್ದವು. ಸಿಲ್ವಿಯು ಬಿದ್ದ. ಹಿಮ ಬಾಯಿಗೆ ಬಂತು. ಪಂಜು ದೂರವಾಯಿತು. ನೋವು ಬರಲಿ ಎಂದು ಕಾದ. ಬರಲಿಲ್ಲ. ಅದೇ ಭಯಂಕರ. ಕೊಲ್ಲುವವರ ಏಟು ಹೆಣಕ್ಕೆ ಬೀಳುತ್ತಿತ್ತು, ಹೆಣದ ಒಳಗೆ ಅವನಿದ್ದ.

ಕೈ ಸೋತ ಮೇಲೆ ಮೂವರಿಗೂ ನೆಲದಲ್ಲಿದ್ದದ್ದು ಸರಿಯಾಗಿ ಕಂಡಿತು. ನೀರಲ್ಲಿ ಊದಿದ ಹಳೆಯ ಹೆಣ ಅದು. ಕೂಗಿಕೊಂಡು ಓಡಿದರು. ಊರವರು ಸರಿದು ದಾರಿ ಬಿಟ್ಟರು. ಸಾಫ್ತಾ ಬಂದು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಬಂದ್ಯಾ ಮಗಾ?" ಎಂದಳು.

ಎರಡು ದಿನ ಅವನನ್ನು ಸಾಫ್ತಾಳ ಮನೆಯ ಮೇಜಿನ ಮೇಲೆ ಮಲಗಿಸಿದ್ದರು. ವಿನೆಗರ್ ಹಾಕಿ ತೊಳೆದರು. ಹೆಣದ ಬಟ್ಟೆ ತೊಡಿಸಿದರು. ಅಳತೆ ಒಂದೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಎದೆಯ ಪದಕ ಬಿಚ್ಚಿ ಸಾಫ್ತಾ ಒಲೆಗೆ ಎಸೆದಳು. ಅವನಿಗೆ ಎಲ್ಲ ಕೇಳುತ್ತಿತ್ತು. ಮೇಣ ತೊಟ್ಟಿಕ್ಕುವುದು, ಹೆಂಗಸರ ರೋದನ, ಇಲಿ ಕೆರೆಯುವುದು. ರೆಪ್ಪೆಯನ್ನೂ ಅಲುಗಿಸಲಾರ. ನಾನಿದ್ದೇನೆ, ನಾನಿದ್ದೇನೆ ಎಂದು ಒಳಗೇ ಬಡಿದುಕೊಳ್ಳುತ್ತಿದ್ದ.

ದೀಪ ಇಡುವ ನೆಪದಲ್ಲಿ ಪ್ರೊಫಿರಾ ಅವನ ಕಿವಿಯ ಹತ್ತಿರ ಬಗ್ಗಿದಳು. ಬೆಳ್ಳುಳ್ಳಿಯ ಉಸಿರು ಮುಖಕ್ಕೆ ತಾಗಿತು.

"ಒಳಗಿರೋನು ನೀನೇ ಅಂತ ಗೊತ್ತು," ಎಂದು ಪಿಸುಗುಟ್ಟಿದಳು. "ಯಾರಾದ್ರೂ ನಿನ್ನ ಹೆಸರು ಕೂಗಿ, ಬೇರೆಯವರಿಗಿಂತ ನೀನೇ ಮೊದಲು ಓಗೊಟ್ರೆ ಎದ್ದು ಬರ್ತೀಯ. ಬಾಯಿ ಆಗ ಒಂದೇ ಒಂದ್ಸಲ ಬಿಚ್ಚುತ್ತೆ. ಮಣ್ಣು ಬಿದ್ಮೇಲೆ ಅದೂ ಇಲ್ಲ." ಬತ್ತಿ ಸರಿ ಮಾಡಿದಳು. "ನಾನಂತೂ ಕೂಗಲ್ಲಪ್ಪಾ. ಗವ್ರಿಲ್ ನನ್ನ ಮಗನಿಗೆ ಅಕ್ಷರ ಕಲಿಸಿದ ಮನುಷ್ಯ."

ಯಾರಾದರೂ ಕೂಗಲಿ. ನಾಯಿಯಾದರೂ ಕೂಗಲಿ. ಸಿಲ್ವಿಯು ಇದ್ದಬದ್ದ ಜೀವವನ್ನೆಲ್ಲ ನಾಲಗೆಯ ಬುಡಕ್ಕೆ ಒಟ್ಟುಮಾಡಿಕೊಂಡು ಕಾದ. ಊರಲ್ಲಿ ಒಬ್ಬರ ಬಾಯಲ್ಲೂ ಅವನ ಹೆಸರು ಬರಲಿಲ್ಲ. ಪೆಟ್ಟಿಗೆಗೆ ಇಳಿಸಿದರು. ಹೊತ್ತರು. ಚರ್ಚಿನ ಗಂಟೆ ಬಡಿಯಿತು. ಕೆಳಗಿನಿಂದ ಹಸಿ ಮಣ್ಣಿನ ತಣ್ಣನೆಯ ಗಾಳಿ ಬಂತು.

ಆಗಲೇ ರಸ್ತೆಯಲ್ಲಿ ಲಾರಿಗಳ ಸದ್ದು ಕೇಳಿತು. ಬೂಟುಗಳು, ಕಹಳೆ. ದಳಪತಿ ಬಂದಿದ್ದ!

ಪ್ರಚಾರಕ ಕಾಣೆಯಾದ ಸುದ್ದಿ ಪಟ್ಟಣಕ್ಕೆ ಮುಟ್ಟಿತ್ತು. ಶತ್ರುಗಳೇ ಅವನನ್ನು ಮುಗಿಸಿದರು ಎಂದು ಪಕ್ಷ ತೀರ್ಮಾನಿಸಿತ್ತು. ಹುತಾತ್ಮ ಎಂದರೆ ಪಕ್ಷಕ್ಕೆ ಎಲ್ಲಿಲ್ಲದ ಹಿಗ್ಗು. ಹಸಿರಂಗಿಯವರು ಚರ್ಚಿನ ಪಕ್ಕದ ಅಂಗಳದಲ್ಲೇ ಸಾಲುಗಟ್ಟಿ ನಿಂತರು. ಬೇಲಿಯ ಈಚೆ ಗುಂಡಿಯ ಅಂಚಿನಲ್ಲಿ ಪೆಟ್ಟಿಗೆ. ಮುಚ್ಚಳ ಇನ್ನೂ ಮುಚ್ಚಿರಲಿಲ್ಲ. ದಳಪತಿಯ ಒಂದೊಂದು ಮಾತೂ ಸಿಲ್ವಿಯುವಿನ ಕಿವಿಗೆ ಬೀಳುತ್ತಿತ್ತು. ನಮ್ಮ ಶೂರ, ನಮ್ಮ ಸಿಂಹ, ಅವನಿಗೆ ಪಕ್ಷದ ಬಿಳಿ ಶಿಲುಬೆ! ಮಖಮಲ್ಲಿನ ದಿಂಬಿಗೆ ಪದಕ ಚುಚ್ಚಿದರು. ಜೀವಮಾನವಿಡೀ ಬಯಸಿದ್ದು ಅದೇ. ಈಗ ಬೇಡವಾಗಿತ್ತು. ಹೆಸರು, ಹೆಸರು ಕೂಗಿರಯ್ಯಾ!

ಪ್ರೊಫಿರಾ ಗಡಬಡಿಸಿ ಮುಚ್ಚಳಕ್ಕೆ ಕೈ ಹಾಕಿದಳು. ಸಾಫ್ತಾ ಅವಳ ಕೈ ತಡೆದಳು. "ಕೂಗಲಿ ಬಿಡೇ," ಎಂದಳು. "ಅವರ ಬಾಯಿ ಎಂಥದು ಅಂತ ನಂಗೊತ್ತು."

ಕಹಳೆ ನಿಂತಿತು.

"ಸಿಲ್ವಿಯು ಹುಶಾನು!" ದಳಪತಿ ಕೂಗಿದ.

ಬಾಯಿ ಬಿಚ್ಚಿತು. ನಿಜವಾಗಿಯೂ ಬಿಚ್ಚಿತು. ತುಟಿ ಬೇರೆಯಾದವು. ನಾಲಗೆ ಎದ್ದಿತು. ಗಾಳಿ ಒಳಗೆ ಬಂತು. ಅವನ ಸ್ವಂತ ಉಸಿರು. ಸ್ವಂತ ದನಿ. ಹಾ...

"ಹಾಜರ್!" ಎಂದು ಬೇಲಿಯಾಚೆ ಹಸಿರಂಗಿಯ ಸಾಲು ಸಾಲೇ ಗುಡುಗಿತು. ಎಷ್ಟು ಜೋರಾಗಿ ಎಂದರೆ ಚರ್ಚಿನ ಪಾರಿವಾಳಗಳು ಹಾರಿಹೋದವು.

ಗೆಳೆಯರೆಲ್ಲ ಮನಸಾರೆ ಕೂಗಿದ್ದರು. ಅವರಲ್ಲಿ ಅವನಿಗೆ ಪ್ರಿಯರಾದವರೂ ಇದ್ದರು. ತೆರೆದ ಬಾಯಿ ತೆರೆದೇ ಉಳಿಯಿತು. ಸಾಫ್ತಾ ಬಗ್ಗಿ ಅದನ್ನು ಎರಡು ಬೆರಳಿನಿಂದ ಮೆತ್ತಗೆ ಮುಚ್ಚಿ, ಕಾಲರಿನಿಂದ ಸೂಜಿ ತೆಗೆದು ಪೆಟ್ಟಿಗೆಯೊಳಗೆ ಇಟ್ಟಳು. ಗುಂಡಿ ತೋಡಿದವರು ಮುಚ್ಚಳಕ್ಕೆ ಮೊಳೆ ಹೊಡೆದರು.